ನಿಲ್ದಾಣಗಳು ಕಳಚಿಬಿದ್ದ ದಾರಿ

ಸಿಡ್ನಿಯಿಂದ ಲಂಡನ್ನಿಗೆ ತೀರ ಹತ್ತಿರದ ದಾರಿ ಹಿಡಿದರೂ ಸುಮಾರು 17,000 ಕಿ.ಮೀ. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ ಅಂತರ ಸುಮಾರು 20,000 ಕಿ.ಮೀ. ದಾಟದು; ಅಂದಮೇಲೆ ವಿಮಾನಯಾನಕ್ಕೆ ಇದು ಹೆಚ್ಚುಕಡಿಮೆ ಕಡೆಯ ಪರೀಕ್ಷೆಯೇ.

1919ರಲ್ಲಿ ರಾಸ್ ಸ್ಮಿತ್, ಕೀತ್ ಸ್ಮಿತ್ ಸೋದರರು ಇಬ್ಬರು ಮೆಕ್ಯಾನಿಕ್‌ಗಳನ್ನು ಕೂರಿಸಿಕೊಂಡು ವಿಕರ್ಸ್ ವಿಮಿ ವಿಮಾನದಲ್ಲಿ ಲಂಡನ್ ಬಿಟ್ಟು ಆಸ್ಟ್ರೇಲಿಯಾದ ಡಾರ್ವಿನ್ ತಲುಪಲು 28 ದಿನ ಹಿಡಿಯಿತು. ಅದರಲ್ಲಿ ಹಾರಿದ್ದು ಸುಮಾರು 136 ಗಂಟೆ ಮಾತ್ರ. ಉಳಿದದ್ದೆಲ್ಲ ನೆಲದ ಪಾಲು. 1935ರಲ್ಲಿ ಬ್ರಿಸ್ಬೇನ್–ಲಂಡನ್ ಪ್ರಯಾಣಿಕ ಸೇವೆ ಶುರುವಾದಾಗಲೂ ಹನ್ನೆರಡೂವರೆ ದಿನ ಬೇಕಿತ್ತು. ಯುರೋಪಿನ ಒಂದು ಭಾಗವನ್ನಂತೂ ರೈಲಿನಲ್ಲೇ ದಾಟಬೇಕಿತ್ತು!

1947ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಕಂಪನಿ ಕ್ವಾಂಟಾಸ್‌ನ ಕಾನ್‌ಸ್ಟಲೇಶನ್ ವಿಮಾನ ಸಿಡ್ನಿ ಬಿಟ್ಟು ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೊಲಿಗಳಲ್ಲಿ ಇಳಿದು ಹತ್ತಿ ನಾಲ್ಕು ದಿನಗಳಲ್ಲಿ ಲಂಡನ್ ಸೇರಿತು. ಆಕಾಶದಲ್ಲಿ ಕಳೆದದ್ದು ಸುಮಾರು 55 ಗಂಟೆ. ಮುಂದೆ ಜೆಟ್ ಎಂಜಿನ್ ಬಂದು ವೇಗ ಗಂಟೆಗೆ 900 ಕಿ.ಮೀ. ಆಸುಪಾಸಿಗೆ ಏರಿತು. ಕಾನ್ಕಾರ್ಡ್‌ನಂಥ ಅಪವಾದ ಬಿಟ್ಟರೆ, ಪ್ರಯಾಣಿಕ ವಿಮಾನಗಳು ಇಂದಿಗೂ ಅಲ್ಲೇ ಇವೆ. ಆಮೇಲಿನ ಗೆಲುವೆಲ್ಲ ನಿಲ್ದಾಣಗಳನ್ನು ಒಂದೊಂದಾಗಿ ಕಿತ್ತುಹಾಕಿದ್ದರಲ್ಲಿದೆ.

ಹಾಗೆ ಕಿತ್ತುಹಾಕುವುದು ಸುಲಭವಲ್ಲ. ದೂರ ಹೋಗಲು ಹೆಚ್ಚು ಇಂಧನ ಬೇಕು, ಆ ಇಂಧನದ ಭಾರ ಹೊರಲು ಮತ್ತಷ್ಟು ಇಂಧನ ಬೇಕು. 1989ರ ಆಗಸ್ಟ್‌ನಲ್ಲಿ ಬೋಯಿಂಗ್ 747-400 ಒಂದು ಲಂಡನ್ನಿನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷ ಹಾರಿತು. ಆದರೆ ಅದರಲ್ಲಿ ಟಿಕೆಟ್ ಕೊಂಡ ಪ್ರಯಾಣಿಕರು ಇರಲಿಲ್ಲ. ಹೆಚ್ಚು ಸಾಂದ್ರತೆಯ ವಿಶೇಷ ಇಂಧನ ತುಂಬಿ, ಅದರಲ್ಲೂ ಉಳಿತಾಯವಾಗಲೆಂದು ವಿಮಾನವನ್ನು ರನ್‌ವೇವರೆಗೆ ಎಳೆದೊಯ್ದಿದ್ದರು. ದಾಖಲೆಯಾಯಿತು, ವ್ಯಾಪಾರವಾಗಲಿಲ್ಲ.

ಹಗುರ ದೇಹದ, ಕಡಿಮೆ ಇಂಧನ ಕುಡಿಯುವ ಬೋಯಿಂಗ್ 787 ಬಂದಮೇಲೆ, 2018ರಲ್ಲಿ, ಪರ್ತ್–ಲಂಡನ್ ನಡುವಿನ ಸುಮಾರು 14,500 ಕಿ.ಮೀ. 17 ಗಂಟೆಗಳ ನೇರ ಪಯಣವಾಯಿತು. 2021ರ ಜನವರಿಯಲ್ಲಿ ಬೆಂಗಳೂರಿಗೂ ಅಂಥದ್ದೇ ಭಾಗ್ಯ: ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಕಡೆಯಿಂದ ಸುಮಾರು 17 ಗಂಟೆಗಳಲ್ಲಿ ದೇವನಹಳ್ಳಿಗೆ ಬಂದಿಳಿಯಿತು.

ಇಷ್ಟಾದರೂ ಕಿತ್ತ ನಿಲ್ದಾಣ ಮತ್ತೆ ಮೊಳೆಯಬಹುದು. 2024ರ ಏಪ್ರಿಲ್‌ನಲ್ಲಿ ಇರಾನ್ ಸುತ್ತಲ ಆಕಾಶ ಯುದ್ಧಭೀತಿಯಿಂದ ಬಿಸಿಯೇರಿದಾಗ ಪರ್ತ್–ಲಂಡನ್ ವಿಮಾನ ಬಳಸುದಾರಿ ಹಿಡಿದು, ಇಂಧನಕ್ಕೆಂದು ಸಿಂಗಪುರದಲ್ಲಿ ಇಳಿಯಬೇಕಾಯಿತು.

ಇನ್ನುಳಿದದ್ದು ಸಿಡ್ನಿ–ಲಂಡನ್ ನೇರ ಸೇವೆ. 2019ರ ಪರೀಕ್ಷಾ ಹಾರಾಟಕ್ಕೆ 19 ಗಂಟೆ 19 ನಿಮಿಷ ಹಿಡಿದಿತ್ತು. ಈ ನೇರ ಸೇವೆಗಾಗಿ ಕ್ವಾಂಟಾಸ್ 2022ರಲ್ಲಿ 12 ಏರ್‌ಬಸ್ ಎ350-1000 ವಿಮಾನಗಳಿಗೆ ಬೇಡಿಕೆ ಕೊಟ್ಟಿತು. ಅವುಗಳಲ್ಲಿ ಹೆಚ್ಚುವರಿ ಇಂಧನ ಟ್ಯಾಂಕ್ ಇರುತ್ತದೆ. ಬೇರೆ ಕಂಪನಿಗಳು 300ಕ್ಕೂ ಹೆಚ್ಚು ಮಂದಿಯನ್ನು ಕೂರಿಸುವ ಕಡೆ ಇಲ್ಲಿ 238 ಆಸನ ಮಾತ್ರ, ಜೊತೆಗೆ ಕೈಕಾಲು ಚಾಚಿ ನಿಲ್ಲಲು ಒಂದಿಷ್ಟು ಖಾಲಿ ಜಾಗ.