ವೆಂಕಟಪ್ಪನವರ ನಿಸರ್ಗಚಿತ್ರಗಳು

ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕಲಾವಿದ ಕೆ. ವೆಂಕಟಪ್ಪ (1886–1965) ನೀಲಗಿರಿಯ ಉದಕಮಂಡಲ ಮತ್ತು ಪಳನಿ ಬೆಟ್ಟಸಾಲಿನ ಕೊಡೈಕೆನಾಲ್‌ಗಳನ್ನು ಕುರಿತು ರಚಿಸಿದ ಜಲವರ್ಣ ಚಿತ್ರಗಳು. ಉದಕಮಂಡಲದವು 1926ರವು, ಕೊಡೈಕೆನಾಲ್‌ನವು 1934ರವು.

ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋದ ವೆಂಕಟಪ್ಪ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅಲ್ಲಿ ಅವರ ಸಹಪಾಠಿ. ಆ ಕಾಲದ ಅವರ ಕೃತಿಗಳಲ್ಲಿ ಪುರಾಣದ ವಸ್ತುವೇ ಹೆಚ್ಚು. ಬೆಟ್ಟದೂರುಗಳ ಚಿತ್ರಗಳಲ್ಲಿ ಕಥೆಯಿಲ್ಲ, ಮನುಷ್ಯರೂ ಇಲ್ಲವೆನ್ನುವಷ್ಟು ವಿರಳ. ಕೆರೆ, ಇಳಿಜಾರು, ಮರಗಳು, ಮೋಡ, ಇವುಗಳ ಮೇಲೆ ಗಳಿಗೆಗೊಮ್ಮೆ ಬದಲಾಗುವ ಬೆಳಕೇ ಇಲ್ಲಿನ ವಸ್ತು. ಜಲವರ್ಣದಲ್ಲಿ ಬಳಿದ ಬಣ್ಣವನ್ನು ತಿದ್ದುವುದು ಕಷ್ಟ. ತೆಳುವಾದ ಪದರದಡಿಯಿಂದ ಕಾಗದದ ಬಿಳುಪು ಹೊಮ್ಮಿದಾಗಲೇ ನೀರಿಗೂ ಮಂಜಿಗೂ ಹೊಳಪು ಬರುತ್ತದೆ. ವೆಂಕಟಪ್ಪನವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ದೂರದ ಗುಡ್ಡ ಮಬ್ಬಿನಲ್ಲಿ ಕರಗುವಾಗಲೂ ಹತ್ತಿರದ ಮರದ ಎಲೆಗೊಂಚಲು ಸ್ಪಷ್ಟವಾಗಿ ಉಳಿಯುತ್ತದೆ. ಬಂಗಾಳದ ಮಸುಕು ವರ್ಣಲೇಪನವನ್ನು ಕಲಿತು ಬಂದ ಕೈಯಲ್ಲಿ ಮೈಸೂರು ಚಿತ್ರಗಾರರ ಸೂಕ್ಷ್ಮ ಕುಸುರಿ ಅಳಿಯಲಿಲ್ಲ.

ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತಿದ್ದ ವೆಂಕಟಪ್ಪ ಅವಿವಾಹಿತರಾಗಿ, ಕಲೆಯೊಂದಕ್ಕೇ ಬದುಕನ್ನು ಒಪ್ಪಿಸಿದವರು. ಗಚ್ಚಿನ ಉಬ್ಬುಶಿಲ್ಪಗಳಲ್ಲೂ ಅವರು ಪರಿಣತರು. ಆದರೂ ಕರ್ನಾಟಕದ ಭೂದೃಶ್ಯ ಕಲೆಯಲ್ಲಿ ಈ ಪುಟ್ಟ ಜಲವರ್ಣಗಳಿಗೆ ಸಮನಾದವು ಬಹಳ ಕಡಿಮೆ. ಅವರ ಕೃತಿಗಳ ಮುಖ್ಯ ಸಂಗ್ರಹ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿದೆ.