ವಾಯುಭಾರದ ಇಳಿಜಾರು ಮತ್ತು ಚಂಡಮಾರುತದ ತೀವ್ರತೆ: 1999ರ ಒಡಿಶಾ ಚಂಡಮಾರುತದ ಹಿನ್ನೆಲೆಯಲ್ಲಿ

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಸಮೀಪ ದಡ ಮುಟ್ಟಿದ ಮಹಾ ಚಂಡಮಾರುತದ ಕೇಂದ್ರದಲ್ಲಿ ವಾಯುಭಾರವು 912 ಹೆಕ್ಟೋಪಾಸ್ಕಲ್‌ಗೆ ಇಳಿದಿತ್ತೆಂದು ಅಂದಾಜಿಸಲಾಗಿದೆ. ಸಮುದ್ರಮಟ್ಟದ ಪ್ರಮಾಣಿತ ವಾಯುಭಾರ 1013.25 ಹೆಕ್ಟೋಪಾಸ್ಕಲ್ ಆಗಿರುವುದರಿಂದ ಇದು ಅಸಾಧಾರಣ ಕುಸಿತವೇ ಸರಿ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಯಾವ ಬಿರುಗಾಳಿಯೂ ಇಲ್ಲದ ದಿನ ಅಳತೆಗೆ ಸಿಗುವ ವಾಯುಭಾರವೂ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಚಂಡಮಾರುತವನ್ನು ಉಂಟುಮಾಡುವುದು ಒತ್ತಡದ ಕೆಳಮಟ್ಟವಲ್ಲ. ಒಂದೇ ಎತ್ತರದಲ್ಲಿ, ಕಡಿಮೆ ಅಂತರದೊಳಗೆ ಆ ಒತ್ತಡ ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದು.

ಹವಾಮಾನ ನಕ್ಷೆಯಲ್ಲಿ ಸಮಾನ ಒತ್ತಡದ ಸ್ಥಳಗಳನ್ನು ಕೂಡಿಸುವ ಗೆರೆಗಳಿಗೆ ಸಮಭಾರ ರೇಖೆಗಳೆನ್ನುತ್ತಾರೆ. ಅವು ಒತ್ತೊತ್ತಾಗಿರುವಲ್ಲಿ ಇಳಿಜಾರು ಕಡಿದು, ಗಾಳಿ ಬಿರುಸು. ಕೇಂದ್ರದತ್ತ ನುಗ್ಗುವ ಗಾಳಿಯನ್ನು ಭೂಮಿಯ ಆವರ್ತನೆಯಿಂದ ಹುಟ್ಟುವ ಕೊರಿಯಾಲಿಸ್ ಪರಿಣಾಮವು ಉತ್ತರಾರ್ಧಗೋಳದಲ್ಲಿ ಬಲಕ್ಕೆ ತಿರುಗಿಸುವುದರಿಂದ, ಅದು ನೇರವಾಗಿ ಒಳಸೇರದೆ ಅಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಬೆಚ್ಚಗಿನ ಕಡಲಿನಿಂದ ಎದ್ದ ಆವಿ ಮೇಲೇರಿ ಮೋಡವಾಗುವಾಗ ಬಿಡುಗಡೆಯಾಗುವ ಶಾಖವು ಕೇಂದ್ರದ ಗಾಳಿಯನ್ನು ಕಾಯಿಸಿ ಹಗುರಗೊಳಿಸುತ್ತದೆ. ಮೇಲ್ಸ್ತರದಲ್ಲಿ ಹೊರಕ್ಕೆ ಹರಿಯುವ ಗಾಳಿ ಕೆಳಗೆ ಒಳಬರುವುದಕ್ಕಿಂತ ಹೆಚ್ಚಾದಷ್ಟು ಕಾಲ ಕುಸಿತ ಮುಂದುವರಿಯುತ್ತದೆ. ಒಡಿಶಾದಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 260 ಕಿ.ಮೀ. ಮುಟ್ಟಿದ್ದು ಹೀಗೆ.

ಅಂದು ಸುಮಾರು 10 ಸಾವಿರ ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಗಾಳಿಗಿಂತ ಹೆಚ್ಚಾಗಿ ಕಡಲ ನೀರು. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಕಡಲ ಮೈ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆಂಬ ಲೆಕ್ಕದಂತೆ, ನೂರು ಹೆಕ್ಟೋಪಾಸ್ಕಲ್‌ಗಳ ಕುಸಿತ ನೀರನ್ನು ಎತ್ತಬಲ್ಲದ್ದು ಒಂದು ಮೀಟರ್ ಮಾತ್ರ. ದಡಕ್ಕೆ ನುಗ್ಗಿದ ಉಬ್ಬರವಾದರೋ ಐದಾರು ಮೀಟರ್ ಎತ್ತರದ್ದು. ಉಳಿದ ಭಾಗವನ್ನು ಆ ತೀರದ ಆಳವಿಲ್ಲದ ಕಡಲಿನಲ್ಲಿ ಮುಂದೆ ತಳ್ಳಿ ರಾಶಿಹಾಕಿದ್ದು ಗಾಳಿಯೇ. ಒತ್ತಡವು ಇಲ್ಲಿಯೂ ತನ್ನ ಕೆಲಸವನ್ನು ಗಾಳಿಯ ಮೂಲಕವೇ ಮಾಡಿಸಿತು.

ಮಳೆಯ ವಿಚಾರಕ್ಕೆ ಬಂದರೆ ಒತ್ತಡದ ಇಳಿಜಾರಿನ ಈ ಮಾನದಂಡ ಸಾಲದು. ಜುಲೈ, ಆಗಸ್ಟ್‌ಗಳಲ್ಲಿ ಮೇಲ್ಸ್ತರದ ಪೂರ್ವದ ಗಾಳಿ ಮತ್ತು ಕೆಳಸ್ತರದ ಪಶ್ಚಿಮದ ಗಾಳಿಗಳ ಸೆಳೆತದಿಂದಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಚಂಡಮಾರುತವಾಗಿ ಬೆಳೆಯುವುದು ವಿರಳ. ಆದರೂ ಕೆಲವೇ ಹೆಕ್ಟೋಪಾಸ್ಕಲ್‌ಗಳಷ್ಟು ತಗ್ಗಿನ ಅಂಥದ್ದೊಂದು ಕುಸಿತ ಒಡಿಶಾದ ತೀರದಾಚೆ ರೂಪುಗೊಂಡರೆ, ಅರಬ್ಬೀ ಸಮುದ್ರದ ಪಶ್ಚಿಮ ಮಾರುತಗಳು ಬಲಗೊಂಡು, ಘಟ್ಟಗಳಿಗೆ ಬಡಿದು ಮೇಲೇರಿ, ಕರಾವಳಿಯಲ್ಲೂ ಆಗುಂಬೆಯಲ್ಲೂ ಎಡೆಬಿಡದೆ ಮಳೆ ಸುರಿಸುತ್ತವೆ. ಭಾರತೀಯ ಹವಾಮಾನ ಇಲಾಖೆ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದಾಗ ಚಂಡಮಾರುತವೆಂದೂ 222 ಕಿ.ಮೀ. ಮುಟ್ಟಿದಾಗ ಮಹಾ ಚಂಡಮಾರುತವೆಂದೂ ವರ್ಗೀಕರಿಸುತ್ತದೆ. ಈ ಶ್ರೇಣಿಯಲ್ಲಿ ಮಳೆಯ ಪ್ರಮಾಣಕ್ಕೆ ಸ್ಥಾನವಿಲ್ಲ. ಆದ್ದರಿಂದ ಘಟ್ಟದ ತಪ್ಪಲಿನ ಊರುಗಳಿಗೆ 'ಕೇವಲ ವಾಯುಭಾರ ಕುಸಿತ' ಎಂಬ ಮಾತು ಅಭಯವಾಗಲಾರದು. ಅಲ್ಲಿನವರು ಗಮನಿಸಬೇಕಾದದ್ದು ಮಳೆಯ ಮುನ್ಸೂಚನೆಯನ್ನು.