ಕಂಬಳಿಗೆ ಅಂಟದ ಹನಿ, ಜಗಳೂರಿನ ಬಾಯಾರಿಕೆ

ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವರನ್ನು ನೀವು ನೋಡಿರಬಹುದು. ಹನಿಗಳು ಕಂಬಳಿಯ ಮೇಲೆ ಮಣಿಗಳಂತೆ ಕೂತು, ಜಾರಿ ಕೆಳಗೆ ಬೀಳುತ್ತವೆ. ಪ್ಲಾಸ್ಟಿಕ್ ಹಾಳೆ ಹೊದ್ದರೂ ಮಳೆ ಒಳಗೆ ಬರುವುದಿಲ್ಲ, ನಿಜ. ಆದರೆ ಸ್ವಲ್ಪ ಹೊತ್ತಿಗೆ ಬೆವರಿನಿಂದಲೇ ಮೈ ತೊಯ್ದುಹೋಗುತ್ತದೆ. ಕಂಬಳಿ ಹಾಗಲ್ಲ. ಹೊರಗಿನ ನೀರನ್ನು ತಡೆಯುತ್ತಲೇ ಅದು ಒಳಗಿನ ಆವಿಯನ್ನು ಹೊರಬಿಡುತ್ತದೆ.

ನೀರಿಗೆ ತಡೆ, ಆವಿಗೆ ದಾರಿ. ಉಪ್ಪುನೀರನ್ನು ಸಿಹಿನೀರಾಗಿಸುವ ಒಂದು ವಿಧಾನ ನಿಂತಿರುವುದು ಇದೇ ಗುಣದ ಮೇಲೆ. ಸಮುದ್ರವೇ ಕಾಣದ ದಾವಣಗೆರೆ ಜಿಲ್ಲೆಯಲ್ಲಿ ಇದರ ಮಾತೇಕೆ ಎಂದು ಕೇಳಬಹುದು. ಉತ್ತರ ಜಗಳೂರಿನ ಕೊಳವೆಬಾವಿಗಳಲ್ಲಿದೆ.

1997ರಲ್ಲಿ ರೂಪುಗೊಂಡ ಈ ಜಿಲ್ಲೆಗೆ ನೀರು ಸಮನಾಗಿ ಹಂಚಿಕೆಯಾಗಿಲ್ಲ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹಿಂದೆ ಅದೇ ತಾಲ್ಲೂಕಿಗೆ ಸೇರಿದ್ದ ನ್ಯಾಮತಿಯದು ಅರೆಮಲೆನಾಡಿನ ಸೀಮೆ. ಚನ್ನಗಿರಿಗೆ ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರವಿದೆ, ಭದ್ರಾ ನಾಲೆಯಿದೆ. ಪೂರ್ವದ ಒಣ ಅಂಚಿನಲ್ಲಿರುವ ಜಗಳೂರಿಗೆ ಮಾತ್ರ ಬಹುಕಾಲ ಮಳೆ ಮತ್ತು ಕೊಳವೆಬಾವಿಗಳೇ ಗತಿಯಾದವು. ನೆಲದಾಳದ ಬಂಡೆಗಳಿಂದ ಕರಗಿದ ಫ್ಲೋರೈಡ್ ಕೊಳವೆಬಾವಿಯ ನೀರಿನೊಡನೆ ಮೇಲೆ ಬಂತು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಮಿತಿಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನೆಲ್ಲೂರು ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು ಕಂಡ ವೈದ್ಯರು 1937ರಲ್ಲೇ ಇದನ್ನು ವರದಿ ಮಾಡಿದ್ದರು.

ಇದಕ್ಕೆ ಪರಿಹಾರವೆಂದು ರಾಜ್ಯದ ಹಳ್ಳಿಗಳಿಗೆ ಬಂದದ್ದು ಆರ್‌ಒ ಘಟಕ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಈ ಘಟಕದ ಹಿಂದೆ ಒಬ್ಬ ಭಾರತೀಯರ ದುಡಿಮೆಯೂ ಇದೆ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ರೂಪಿಸಿದ ಪೊರೆಯಿಂದಲೇ ಈ ವಿಧಾನ ಬಳಕೆಗೆ ಯೋಗ್ಯವಾಯಿತು. ಇಲ್ಲಿ ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ದೂಡಲಾಗುತ್ತದೆ. ಹೀಗೆ ಒಂದು ಪಾಲು ನೀರು ಶುದ್ಧವಾಗುತ್ತದೆ, ಉಳಿದ ಪಾಲಿನಲ್ಲಿ ಲವಣವೂ ಫ್ಲೋರೈಡೂ ಇನ್ನಷ್ಟು ದಟ್ಟವಾಗುತ್ತವೆ. ಆ ನೀರು ಚರಂಡಿಗೆ ಹರಿದರೆ ಸೇರುವುದು ಮತ್ತೆ ಅದೇ ನೆಲವನ್ನು. ಬರದ ನಾಡಿನಲ್ಲಿ ಇದು ಎರಡು ಬಗೆಯ ನಷ್ಟ.

ಈ ಹೊರಹಾಕಿದ ನೀರಿನಿಂದಲೂ ಶುದ್ಧ ನೀರು ತೆಗೆಯಬಲ್ಲದು ಎನ್ನುವ ಕಾರಣಕ್ಕೆ ವಿಜ್ಞಾನಿಗಳ ಗಮನ ಸೆಳೆದಿರುವುದು ಪೊರೆ-ಬಟ್ಟಿ ವಿಧಾನ. ಎಳೆಗಳಿಂದಾದ, ಸೂಕ್ಷ್ಮ ರಂಧ್ರಗಳ ಒಂದು ಪೊರೆ. ಅದರ ಒಂದು ಬದಿಗೆ ಬೆಚ್ಚಗಿನ ಉಪ್ಪುನೀರು, ಇನ್ನೊಂದು ಬದಿಗೆ ತಂಪು. ಎಳೆಗಳಿಗೆ ನೀರು ಅಂಟದಂಥ ಲೇಪವಿರುವುದರಿಂದ ನೀರು ರಂಧ್ರದ ಬಾಯಲ್ಲೇ ನಿಲ್ಲುತ್ತದೆ, ಆವಿ ಮಾತ್ರ ದಾಟಿ ಆಚೆಗೆ ಹನಿಯಾಗುತ್ತದೆ. ಉಪ್ಪು, ಫ್ಲೋರೈಡ್ ಆವಿಯಾಗುವುದಿಲ್ಲ, ಹಿಂದೆಯೇ ಉಳಿಯುತ್ತವೆ. ನೀರು ಕುದಿಯಬೇಕಾಗಿಲ್ಲ, ಬಿಸಿಲಿನ ಕಾವೋ ಯಂತ್ರಗಳ ವ್ಯರ್ಥ ಶಾಖವೋ ಸಾಕಾಗಬಹುದು.

ಈ ಲೇಪದ ಚರಿತ್ರೆ ಉಣ್ಣೆಯ ಜೊತೆಗೇ ಹೆಣೆದುಕೊಂಡಿದೆ. ಚಳ್ಳಕೆರೆ ಸೀಮೆಯ ಕಂಬಳಿ ನೇಕಾರರು ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡುತ್ತಾರೆ. ನೀರನ್ನು ದೂರವಿಡುವುದು ಉಣ್ಣೆಯ ಸಹಜ ಜಿಡ್ಡು. ಜಿಡ್ಡಿನ ಜೊತೆಗೆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೂ ಹನಿಯನ್ನು ಎತ್ತಿ ಹಿಡಿಯುತ್ತದೆ ಎಂದು 1944ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಕ್ಯಾಸಿ ಮತ್ತು ಬ್ಯಾಕ್ಸ್‌ಟರ್. ಇಬ್ಬರೂ ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಸಂಶೋಧನಾ ಸಂಸ್ಥೆಯವರು. 1963ರಲ್ಲಿ ಅಮೆರಿಕದ ಬೋಡೆಲ್ ಎಂಬವರು ಪೊರೆ-ಬಟ್ಟಿಯ ಪೇಟೆಂಟಿಗೆ ಅರ್ಜಿ ಹಾಕಿದರು. 1967ರಲ್ಲಿ ಫಿಂಡ್ಲೆ ಎಂಬ ವಿಜ್ಞಾನಿ ಕಾಗದ, ಗಾಜಿನ ನಾರು ಮುಂತಾದ ಸಾಮಾನ್ಯ ವಸ್ತುಗಳಿಗೆ ಸಿಲಿಕೋನ್, ಟೆಫ್ಲಾನ್ ಬಳಿದು ಪ್ರಯೋಗ ನಡೆಸಿದರು. ಎಳೆ ಯಾವುದೇ ಇರಲಿ, ಅದರ ಮೇಲಿನ ಲೇಪ ಗಟ್ಟಿಯಾಗಿರಬೇಕು. ಲೇಪ ಸೋತರೆ ರಂಧ್ರಗಳು ತೊಯ್ದು ಉಪ್ಪುನೀರೇ ಆಚೆಗೆ ನುಸುಳುತ್ತದೆ. ಸಾಬೂನು, ಎಣ್ಣೆಯ ಅಂಶ ಸೇರಿದ ನೀರಿನಲ್ಲಿ ಈ ಅಪಾಯ ಹೆಚ್ಚು.

ಹಾಗಾಗಿ ವಿಜ್ಞಾನಿಗಳು ಮೊರೆಹೋದದ್ದು ಫ್ಲೋರಿನ್‌ಗೆ. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಟೆಫ್ಲಾನ್‌ನಲ್ಲೂ, ಬಟ್ಟೆಗೆ ಕಲೆ ಅಂಟದಂತೆ ಹಚ್ಚುತ್ತಿದ್ದ ಲೇಪಗಳಲ್ಲೂ ಇದ್ದದ್ದು ಇಂಗಾಲ-ಫ್ಲೋರಿನ್ ಬಂಧವೇ. ನೀರೂ ಎಣ್ಣೆಯೂ ಅಂಟದಿರುವುದಕ್ಕೆ ಈ ಬಂಧ ಕಾರಣ. ಇಂಥ ಕೆಲವು ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ, ಮನುಷ್ಯನ ರಕ್ತದಲ್ಲಿ ಕೊಳೆಯದೆ ಉಳಿಯುವುದಕ್ಕೂ ಅದೇ ಕಾರಣ. ಸ್ಟಾಕ್‌ಹೋಮ್ ಒಪ್ಪಂದವು ಇವುಗಳಲ್ಲಿ ಪಿಎಫ್‌ಒಎಸ್ ಅನ್ನು 2009ರಲ್ಲಿ, ಪಿಎಫ್‌ಒಎ ಅನ್ನು 2019ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಬಂಡೆಯಿಂದ ಕರಗುವ ಫ್ಲೋರೈಡೂ ಕಾರ್ಖಾನೆಯ ಈ ರಾಸಾಯನಿಕಗಳೂ ಒಂದೇ ಅಲ್ಲ. ಅವು ತರುವ ಹಾನಿಯೂ ಬೇರೆ. ಆದರೆ ಜಗಳೂರಿನವರಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಫ್ಲೋರೈಡ್ ತೆಗೆಯಲು ಹೋಗಿ, ಫ್ಲೋರಿನ್‌ನ ಮತ್ತೊಂದು ರೂಪವನ್ನು ನೀರಿಗೆ ಬಿಡುವಂತಾಗಬಾರದು. ಅದಕ್ಕೇ ಇಂದು ಸಿಲಿಕೋನ್, ಮೇಣದಂಥ ವಸ್ತುಗಳ ಲೇಪಗಳ ಮೇಲೂ ಪರೀಕ್ಷೆಗಳು ನಡೆಯುತ್ತಿವೆ.

ಪೊರೆ-ಬಟ್ಟಿ ವಿಧಾನ ಇನ್ನೂ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿಲ್ಲ. ಅದು ಹಳ್ಳಿಯವರೆಗೆ ಬರುವ ತನಕ ಕೈಕಟ್ಟಿ ಕೂರುವಂತಿಲ್ಲ. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆ ರೂಪುಗೊಂಡದ್ದು ಈ ಬವಣೆಗಾಗಿಯೇ. ಕೆರೆಯಲ್ಲಿ ಹೊಳೆಯ ನೀರು ನಿಂತರೆ ಕೊಳವೆಬಾವಿಯ ಮೇಲಿನ ಭಾರ ತಗ್ಗುತ್ತದೆ. ಯಂತ್ರ ಬಂದರೂ ಅದು ಕೆರೆಗೆ ಬದಲಿಯಾಗದು.

ಕುರುಬರ ಕಂಬಳಿ ಸವೆದು ಹರಿದರೆ ಮಣ್ಣಿನಲ್ಲಿ ಮಣ್ಣಾಗುತ್ತದೆ. ಹೊಸ ಪೊರೆಯ ಲೇಪ ಸವೆದು ಎಲ್ಲಿ ಸೇರುತ್ತದೆ ಎಂಬುದನ್ನು ನಾವು ಮೊದಲೇ ಕೇಳಿ ತಿಳಿಯಬೇಕು.